ತಣ್ಣೀರಿಗೆ ತಕ್ಕ ಉಡುಪು

ಮಲೇಷ್ಯಾದ ಸೈಬರ್‌ಜಯಾ ಊರಿನ ಡೇಟಾ ಸೆಂಟರೊಂದರಲ್ಲಿ ಯಂತ್ರಗಳನ್ನು ತಂಪಾಗಿಡುವುದು ಅರ್ಫಾಳ ಕೆಲಸ. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲಿದ್ದರೂ ಒಳಗೆ, ಎರಡು ಸಾಲು ಸರ್ವರುಗಳ ನಡುವಿನ ಓಣಿಯಲ್ಲಿ, ಅವಳು ಸ್ವೆಟರ್ ತೊಟ್ಟೇ ಓಡಾಡುತ್ತಿದ್ದಳು. ನೆಲದ ಜಾಲರಿಯಿಂದ ತಣ್ಣನೆಯ ಗಾಳಿ ಏಳುತ್ತಿತ್ತು. ಗೋಡೆಯುದ್ದಕ್ಕೂ ಹಸಿರು ದೀಪಗಳು ಮಿನುಗುತ್ತಿದ್ದವು. ಊಟದ ನಂತರ ಒಬ್ಬಳೇ ಅಲ್ಲಿ ನಿಂತಾಗ ಯಂತ್ರಗಳ ಏಕನಾದ ದೂರದ ನದಿಯ ಸದ್ದಿನಂತೆ ಕೇಳುತ್ತಿತ್ತು.

ನದಿ ಅವಳಿಗೆ ಪರಿಚಯವಿರಲಿಲ್ಲ. ಹುಟ್ಟಿದ್ದು ಚಿತ್ರದುರ್ಗದಲ್ಲಿ, ಇಂಜಿನಿಯರಿಂಗ್ ಓದಿದ್ದು ದಾವಣಗೆರೆಯಲ್ಲಿ. ನೀರೆಂದರೆ ಚಿಕ್ಕಂದಿನಲ್ಲಿ ವಾರಕ್ಕೆರಡು ಸಲ ನಲ್ಲಿಯಲ್ಲಿ ಬರುತ್ತಿದ್ದ ನೀರು. ಮಲೇಷ್ಯಾಕ್ಕೆ ಬಂದ ಆರು ವರ್ಷದಲ್ಲಿ ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜು ಕಲಿತದ್ದೇ ಅವಳ ದೊಡ್ಡ ಸಾಹಸ. ವಯಸ್ಸು ಮೂವತ್ತನಾಲ್ಕು.

ಫೆಬ್ರುವರಿಯಲ್ಲಿ ಕಂಪನಿಯವರು ನಾರ್ವೆಯ ಉತ್ತರ ತುದಿಯಲ್ಲಿ ಹೊಸ ಸೆಂಟರ್ ಕಟ್ಟುತ್ತೇವೆ, ಮುಂದಿನ ಜನವರಿಯಿಂದ ಒಂದು ವರ್ಷ ಅಲ್ಲಿಗೆ ಹೋಗುತ್ತೀಯಾ ಎಂದು ಕೇಳಿದರು. ಅವಳು ಯೋಚಿಸುವ ಮೊದಲೇ ಬಾಯಿ ಹೂಂ ಅಂದಿತ್ತು. ಅಲ್ಲಿಯ ಸಹೋದ್ಯೋಗಿಯೊಬ್ಬಳು ಒಂದು ಫೋಟೋ ಕಳಿಸಿದಳು. ಹಿಮ ಹೊದ್ದ ಬೆಟ್ಟಗಳ ನಡುವೆ ಕಾಡಿಗೆಯಂಥ ಕಪ್ಪು ನೀರು. ಅದರ ಮೇಲೆ ಒಂಟಿ ಜೀವ ಹಿಡಿಸುವಷ್ಟೇ ಅಗಲದ ಒಂದು ಕೆಂಪು ಕಯಾಕ್ ದೋಣಿ. ಅದರಲ್ಲಿ ಕಾಲು ಚಾಚಿ ಕೂತ ಆಕೆ ತೋಳುದ್ದದ ಮೀನನ್ನು ಎತ್ತಿ ಹಿಡಿದಿದ್ದಳು. ‘ನಮ್ಮ ಭಾನುವಾರಗಳು ಹೀಗೆ. ನಿನಗೂ ಒಂದು ಕಯಾಕ್ ಕಾದಿದೆ’ ಎಂದು ಕೆಳಗೆ ಬರೆದಿದ್ದಳು.

ಅರ್ಫಾ ಆ ಫೋಟೋವನ್ನು ದಿನಕ್ಕೆ ಎಷ್ಟು ಸಲ ನೋಡಿದಳೋ. ಕೆಲವೇ ದಿನಗಳಲ್ಲಿ ಆ ನೀರು ಅವಳ ನಿದ್ದೆಯೊಳಗೂ ಬಂತು. ಕನಸಿನಲ್ಲಿ ಏನೂ ನಡೆಯುತ್ತಿರಲಿಲ್ಲ. ಅವಳು ಸುಮ್ಮನೆ ಕೂತಿರುತ್ತಿದ್ದಳು, ಕೆಳಗೆ ನೀರು ಉಸಿರಾಡುತ್ತಿತ್ತು, ಅಷ್ಟೆ.

ಮಾರ್ಚಿನ ಒಂದು ಭಾನುವಾರ ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸಿನ ದಿನಸಿ ಅಂಗಡಿಯಲ್ಲಿ ಅವಳು ದಾವಣಗೆರೆಯ ಗೆಳತಿ ವಿಸ್ಮಯಾಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. “ನೀರು ಐದು ಡಿಗ್ರಿ ಇರುತ್ತಂತೆ ಕಣೇ. ಒಂದು ದಪ್ಪ ಜಾಕೆಟ್ ತಗೊಂಡ್ರೆ ಆಯ್ತು. ಮಿಕ್ಕಿದ್ದೆಲ್ಲ ವಿಡಿಯೋ ನೋಡಿ ಕಲ್ತ್ಕೋತೀನಿ.”

ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ರಾಗಿ ಹಿಟ್ಟಿನ ಪೊಟ್ಟಣ.

“ಕನ್ನಡದೋಳಾ ತಾಯಿ ನೀನು? ಕೇಳಿಸ್ಕೊಂಡೆ ಅಂತ ಬೇಜಾರು ಮಾಡ್ಕೋಬೇಡ. ಯಾವ ನೀರಿಗೆ ಇಳೀತೀಯಾ?”

ಅರ್ಫಾ ನಾರ್ವೆಯ ಕಯಾಕಿನ ವಿಷಯ ಹೇಳಿದಳು. ಆ ಹೆಂಗಸಿನ ಹೆಸರು ಚಂದ್ರಮ್ಮ. ಅರಸೀಕೆರೆಯ ಕಡೆಯವರು. ಗಂಡ ತಿಮ್ಮಯ್ಯ ಹತ್ತೊಂಬತ್ತು ವರ್ಷ ಸ್ಕಾಟ್‌ಲೆಂಡಿನ ಉತ್ತರದ ಸಮುದ್ರದಲ್ಲಿ ಎಣ್ಣೆ ತೆಗೆಯುವ ಕಟ್ಟೆಗಳ ಮೇಲೆ ಕೆಲಸ ಮಾಡಿ, ಆಮೇಲೆ ಕ್ವಾಲಾಲಂಪುರದ ಕಚೇರಿಗೆ ವರ್ಗವಾಗಿ ಬಂದವರು. ಮಗಳ ಮನೆ ಪಕ್ಕದ ಬೀದಿಯಲ್ಲೇ ಇದ್ದುದರಿಂದ ನಿವೃತ್ತಿಯ ನಂತರವೂ ಪೆಟಾಲಿಂಗ್ ಜಯಾದಲ್ಲೇ ಉಳಿದಿದ್ದರು. “ರಜಾ ಸಿಕ್ರೆ ಇವರು ಮನೇಲಿ ಇರ್ತಾನೇ ಇರ್ಲಿಲ್ಲ. ಕಯಾಕು, ಮೀನು. ನಾನು ಕಿಟಕಿ ಹತ್ರ,” ಎಂದರು ಚಂದ್ರಮ್ಮ. “ಬಾ, ಕೇಳಿ ನೋಡು. ಹೇಳ್ಕೊಡ್ತಾರೋ ಇಲ್ವೋ ನಂಗೊತ್ತಿಲ್ಲ.”

ತಿಮ್ಮಯ್ಯ ಹೇಳಿಕೊಡಲು ಒಪ್ಪಲಿಲ್ಲ. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ಕಾಫಿ ಲೋಟ ಹಿಡಿದು ವರಾಂಡದಲ್ಲಿ ಕೂತಿದ್ದರು.

“ಬಿಟ್ಟು ಹನ್ನೊಂದು ವರ್ಷ ಆಯ್ತಮ್ಮ. ಈಗ ಯಾವುದೂ ನೆನಪಿಲ್ಲ.”

“ಪರ್ವಾಗಿಲ್ಲ ಸರ್,” ಎಂದಳು ಅರ್ಫಾ. “ಒಳ್ಳೆ ಜಾಕೆಟ್ ತಗೋತೀನಿ. ದಡದ ಹತ್ರಾನೇ ಇರ್ತೀನಿ. ಬಿಸಿಲಿರೋ ದಿನ ಮಾತ್ರ ಹೋಗ್ತೀನಿ.”

ಅವರು ಲೋಟವನ್ನು ಕೆಳಗಿಟ್ಟರು.

“ಬಿಸಿಲು ಗಾಳಿಗೆ ಬರುತ್ತೆ. ನೀರಿಗೆ ಬರಲ್ಲ. ಗಾಳಿ ನೋಡಿ ಬಟ್ಟೆ ಹಾಕ್ಕೋಬಾರ್ದು, ನೀರು ನೋಡಿ ಹಾಕ್ಕೋಬೇಕು. ದಡದಿಂದ ಇಪ್ಪತ್ತು ಮಾರು ದೂರದಲ್ಲೂ ಜನ ಸಾಯ್ತಾರೆ.” ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. “ಶನಿವಾರ ಬೆಳಗ್ಗೆ ಆರು ಗಂಟೆಗೆ ಬಾ. ಗಾಳ ತರಬೇಡ.”

ಹೀಗೆ ಶುರುವಾಯಿತು. ಸೈಬರ್‌ಜಯಾಕ್ಕೆ ಹತ್ತಿರದ ಒಂದು ಕೆರೆಯಲ್ಲಿ ಕಯಾಕ್ ಬಾಡಿಗೆಗೆ ಸಿಗುತ್ತಿತ್ತು. ಅರ್ಫಾ ಮೈತುಂಬ ಮುಚ್ಚುವ ಈಜುಡುಗೆ, ತಲೆಗೆ ಅದೇ ಬಟ್ಟೆಯ ಟೋಪಿ, ಮೇಲೆ ಲೈಫ್ ಜಾಕೆಟ್ ಹಾಕಿ ಕೂರುತ್ತಿದ್ದಳು. ತಿಮ್ಮಯ್ಯ ನೀರಿಗೆ ಕಾಲು ತಾಗಿಸುತ್ತಿರಲಿಲ್ಲ. ನೀರಿಗೆ ಚಾಚಿದ ಹಲಗೆಯ ಕಟ್ಟೆಯ ತುದಿಯಲ್ಲಿ ಕೈಕಟ್ಟಿ ನಿಂತು ಮಾತಿನಲ್ಲೇ ಹೇಳುತ್ತಿದ್ದರು. ಮೊದಲ ಮೂರು ವಾರ ಹೇಳಿದ್ದು ಒಂದೇ: ಬೀಳು.

“ಮುಂದೆ ಹೋಗೋದು ಆಮೇಲೆ. ಮೊದ್ಲು ಬೀಳೋದು ಕಲಿ. ಬಿದ್ದ ಮೇಲೆ ಹತ್ತೋದು ಕಲಿ.”

ಅವಳು ಎಡಕ್ಕೆ ಬಿದ್ದಳು, ಬಲಕ್ಕೆ ಬಿದ್ದಳು. ಮಗುಚಿದ ಕಯಾಕನ್ನು ನೀರಿನಲ್ಲಿದ್ದುಕೊಂಡೇ ತಿರುಗಿಸಿ, ಹೊಟ್ಟೆಯ ಮೇಲೆ ಮೊಸಳೆಯ ಹಾಗೆ ಹರಿದು, ಹೊರಳಿ, ಎದ್ದು ಕೂರುವುದು. ಮೊದಲ ದಿನ ಇಪ್ಪತ್ತು ನಿಮಿಷ ಒದ್ದಾಡಿದರೂ ಆಗಲಿಲ್ಲ. ಆರನೇ ಶನಿವಾರದ ಹೊತ್ತಿಗೆ ಮೂವತ್ತು ಎಣಿಸುವುದರೊಳಗೆ ಹತ್ತಿ ಕೂರುತ್ತಿದ್ದಳು. ಬೆಚ್ಚನೆಯ, ಸ್ವಲ್ಪ ಪಾಚಿ ವಾಸನೆಯ ನೀರು. ಬಿದ್ದಾಗ ಒಂದು ಕ್ಷಣ ಕಿವಿ ಮುಚ್ಚಿ ಲೋಕವೆಲ್ಲ ಹಸಿರಾಗಿ ನಿಧಾನವಾಗುವುದು ಅವಳಿಗೆ ಹಿಡಿಸತೊಡಗಿತು. ಬೇಕೆಂದೇ ಸ್ವಲ್ಪ ಹೊತ್ತು ಒಳಗೇ ಇರುತ್ತಿದ್ದಳು. ಮೇಲೆ ಬಂದರೆ ಕಟ್ಟೆಯ ಮೇಲೆ ತಿಮ್ಮಯ್ಯನವರ ಮುಖ ಬಿಳಿಚಿರುತ್ತಿತ್ತು.

ಜೂನ್ ತಿಂಗಳಲ್ಲಿ ಅವರು ಮನೆಯ ವರಾಂಡದಲ್ಲಿ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಇಟ್ಟು, ಮೀನು ಮಾರ್ಕೆಟ್ಟಿನಿಂದ ಐಸ್ ತರಿಸಿ ತುಂಬಿದರು.

“ಕೂತ್ಕೋ. ಮೊದಲನೇ ನಿಮಿಷ ಉಸಿರು ನಿನ್ನ ಕೈಲಿರಲ್ಲ. ಅದರ ಜೊತೆ ಜಗಳ ಆಡಬೇಡ, ಕಾಯಿ. ಆಮೇಲೆ ಹತ್ತು ನಿಮಿಷ ಕೈಕಾಲು ಮಾತು ಕೇಳ್ತವೆ. ಮೇಲೆ ಹತ್ತೋದಿದ್ರೆ ಆಗಲೇ ಹತ್ತಬೇಕು. ಅದಾದ್ಮೇಲೆ ಒಂದು ಗಂಟೆ ಜೀವ ಇರುತ್ತೆ, ಆದ್ರೆ ಕೈ ಇರಲ್ಲ.”

ಅವಳು ಕೂತಳು. ಎದೆಯೊಳಗಿಂದ ಯಾರೋ ಗಾಳಿಯನ್ನು ಕಿತ್ತುಕೊಂಡಂತಾಯಿತು. ಬಾಯಿ ತಾನಾಗಿ ತೆರೆದು ಉಸಿರು ಚೂರುಚೂರಾಗಿ ಬರತೊಡಗಿತು. ಇದೇ ಉಸಿರನ್ನು ನೀರಿನೊಳಗೆ ಎಳೆದಿದ್ದರೆ ಏನಾಗುತ್ತಿತ್ತು ಎಂಬುದು ಯಾರೂ ಹೇಳದೆ ತಿಳಿಯಿತು. ಪಕ್ಕದಲ್ಲಿ ಚಂದ್ರಮ್ಮ ಸ್ಟೂಲಿನ ಮೇಲೆ ಕೂತು ಒಂದು, ಎರಡು, ಮೂರು ಎಂದು ಜೋಗುಳದ ಧಾಟಿಯಲ್ಲಿ ಎಣಿಸುತ್ತಿದ್ದರು. ಐವತ್ತರ ಹತ್ತಿರ ಬಂದಾಗ ಉಸಿರು ಹಿಂದಿರುಗಿತು. ಅರ್ಫಾ ಕಣ್ಣು ಮುಚ್ಚಿದಳು. ಐಸಿನ ತುಂಡುಗಳು ಒಂದಕ್ಕೊಂದು ತಾಗಿ ಸಣ್ಣಗೆ ದನಿ ಮಾಡುತ್ತಿದ್ದವು. ಬೀದಿಯಲ್ಲಿ ರೊಟ್ಟಿ ಮಾರುವವನ ಬೈಕ್ ಹಾರ್ನ್ ಊದುತ್ತ ಹೋಯಿತು. ಅವಳು ಆಗ ಪೆಟಾಲಿಂಗ್ ಜಯಾದಲ್ಲಿ ಇರಲಿಲ್ಲ. ಬೆಟ್ಟಗಳು ಬಿಳಿಯಾಗಿ ಸುತ್ತ ನಿಂತಿದ್ದವು.

“ಸಾಕು, ಏಳು,” ಎಂದರು ತಿಮ್ಮಯ್ಯ. ಒಂದು ಸೂಜಿ ಮತ್ತು ದಾರ ಕೊಟ್ಟು ಪೋಣಿಸು ಎಂದರು. ಅವಳ ಬೆರಳುಗಳು ಸೂಜಿಯನ್ನು ಹಿಡಿಯಲೇ ಇಲ್ಲ. ಎರಡು ಸಲ ಕೆಳಗೆ ಬಿತ್ತು.

“ನೋಡಿದ್ಯಾ,” ಎಂದು ಅವರು ಒಳಗೆ ಹೋಗಿಬಿಟ್ಟರು.

ಟವೆಲ್ ಸುತ್ತಿ ಶುಂಠಿ ಚಹಾ ಕೊಟ್ಟ ಚಂದ್ರಮ್ಮ ಅಂದು ವಿಷಯ ಹೇಳಿದರು. ಸ್ಕಾಟ್‌ಲೆಂಡಿನಲ್ಲಿ ತಿಮ್ಮಯ್ಯನವರಿಗೆ ಗೋಪಿನಾಥ ಎಂಬ ಗೆಳೆಯನಿದ್ದ. ಕಾರ್ಕಳದವನು, ಇವರಿಗಿಂತ ಹತ್ತು ವರ್ಷ ಚಿಕ್ಕವನು. ಒಂದು ಮೇ ತಿಂಗಳು ಅಪರೂಪಕ್ಕೆ ಒಳ್ಳೆಯ ಬಿಸಿಲು ಬಿದ್ದಿತ್ತು. ಇಬ್ಬರೂ ಕಯಾಕ್ ತೆಗೆದುಕೊಂಡು ಹೊರಟರು. ತಿಮ್ಮಯ್ಯ ನೀರು ಒಳಗೆ ಬಾರದ, ಕತ್ತು ಮತ್ತು ಮಣಿಕಟ್ಟಿಗೆ ರಬ್ಬರ್ ಬಿಗಿದ ಡ್ರೈ ಸೂಟ್ ಹಾಕಿದ್ದರು. ಗೋಪಿನಾಥ ಟಿ-ಶರ್ಟಿನಲ್ಲಿದ್ದ. ಲೈಫ್ ಜಾಕೆಟ್ ಬಿಚ್ಚಿ ಹಿಂದೆ ಕಟ್ಟಿಕೊಂಡಿದ್ದ. ದೊಡ್ಡ ಮೀನೊಂದು ಕಚ್ಚಿ, ಅವನು ಬಗ್ಗಿ, ಕಯಾಕ್ ಮಗುಚಿತು. ಇವರು ಹುಟ್ಟು ಹಾಕಿಕೊಂಡು ಹತ್ತಿರ ಹೋಗುವಷ್ಟರಲ್ಲಿ ಅವನ ಕೈಗೆ ಹಗ್ಗ ಹಿಡಿಯಲು ಆಗುತ್ತಿರಲಿಲ್ಲ.

“ಕಿಟಕಿಯಿಂದ ನಂಗೆ ಎರಡು ಚುಕ್ಕಿ ಕಾಣ್ತಿದ್ವು. ಆಮೇಲೆ ಒಂದೇ ಕಾಣ್ತು,” ಎಂದರು ಚಂದ್ರಮ್ಮ. “ಅವತ್ತು ಹೊರಡುವಾಗ ಗೋಪಿ, ಸೂಟ್ ಹಾಕ್ಕೊಳ್ಲಾ ಅಂತ ಇವರನ್ನ ಕೇಳಿದ್ನಂತೆ. ಬಿಸಿಲಿದೆ ಬಿಡೋ ಅಂದ್ರಂತೆ ಇವರು. ಆವತ್ತಿಂದ ನೀರು ಮುಟ್ಟಿಲ್ಲ. ನೀನು ಬಿಸಿಲಿರೋ ದಿನ ಹೋಗ್ತೀನಿ ಅಂದ್ಯಲ್ಲ, ಅದಕ್ಕೇ ಕಲಿಸೋಕೆ ಎದ್ರು.”

ಮುಂದಿನ ವಾರಗಳಲ್ಲಿ ಗಾಳ ಬಂತು. ಕೂತಲ್ಲೇ ಸೊಂಟ ಅಲುಗಿಸದೆ ದಾರ ಎಸೆಯುವುದು, ಮೀನು ಕಚ್ಚಿದರೆ ಅದರ ಕಡೆಗೇ ಕಯಾಕಿನ ಮೂತಿ ತಿರುಗಿಸಿ ಅದು ಎಳೆದತ್ತ ತೇಲುವುದು, ಚಾಕುವನ್ನು ಎಡಗೈಗೆ ಸಿಗುವಲ್ಲಿ ಕಟ್ಟುವುದು. ಅರ್ಫಾ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡಳು. ಹುಟ್ಟು ಹಾಕುವ ಕೈಗಳು ಗಟ್ಟಿಯಾದವು. ತಿಮ್ಮಯ್ಯನವರು ಈಗ ಕಟ್ಟೆಯ ತುದಿಯಲ್ಲಿ ಕೂರುತ್ತಿದ್ದರು. ಒಮ್ಮೊಮ್ಮೆ ಚಪ್ಪಲಿ ಬಿಚ್ಚಿಟ್ಟಿರುತ್ತಿದ್ದರು.

ಆಗಸ್ಟ್ ಕೊನೆಗೆ ಕಂಪನಿಯಿಂದ ಮೇಲ್ ಬಂತು. ನಾರ್ವೆಯ ಕೆಲಸ ನಿಂತಿದೆ, ಆ ಜಾಗಕ್ಕೆ ಯಾರನ್ನೂ ಕಳಿಸುವುದಿಲ್ಲ. ಅರ್ಫಾ ಅದನ್ನು ತಣ್ಣನೆಯ ಓಣಿಯಲ್ಲಿ ನಿಂತು ಓದಿದಳು. ಅಳು ಬರಲಿಲ್ಲ. ಯಾರೋ ಮನೆಯ ಒಂದು ಕೋಣೆಯನ್ನು ತೆಗೆದುಕೊಂಡು ಹೋದಂತೆ ಅನಿಸಿತು. ಶನಿವಾರ ಹೇಳಬೇಕೆಂದು ಹೋದಳು. ತಿಮ್ಮಯ್ಯ ಕಾರಿನ ಬಳಿಯೇ ಕಾದಿದ್ದರು, ಕೈಯಲ್ಲಿ ನಕ್ಷೆ.

“ಉತ್ತರಕ್ಕೆ ಹೋಗೋಣ. ತೆಮೆಂಗೋರ್ ಸರೋವರ. ಬೆಳಗ್ಗೆ ಮಂಜು ಬೀಳುತ್ತೆ, ಚಳಿ ಇರುತ್ತೆ. ಈ ದೇಶದಲ್ಲಿ ನಿಂಗೆ ತೋರ್ಸೋಕೆ ಅದಕ್ಕಿಂತ ತಂಪು ನೀರು ನಂಗೊತ್ತಿಲ್ಲ. ಇವಳೂ ಬರ್ತಾಳೆ.”

ನಕ್ಷೆ ನೋಡಿ ಅವಳು ಆ ವಾರ ಹೇಳಲಿಲ್ಲ, ಮುಂದಿನ ವಾರವೂ ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಮೂವರೂ ಹೋದರು. ಪೆರಾಕ್ ರಾಜ್ಯದ ಗೆರಿಕ್ ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕಾಡು, ಆನೆ ದಾಟುವ ಜಾಗವೆಂಬ ಹಳದಿ ಫಲಕಗಳು. ಅಣೆಕಟ್ಟಿನಿಂದ ಮುಳುಗಿದ ಕಣಿವೆಯೇ ಆ ಸರೋವರ. ತೇಲುವ ಮನೆಯೊಂದರಲ್ಲಿ ಉಳಿದರು. ಅದರ ಮಾಲೀಕ ಎರಡು ಕಯಾಕ್ ಕೊಟ್ಟಿದ್ದ, ಒಂದು ಇಬ್ಬರು ಕೂರುವಂಥದು.

ಬೆಳಗ್ಗೆ ಅರ್ಫಾ ನಮಾಜು ಮುಗಿಸಿ ಹೊರಗೆ ಬಂದಾಗ ಸರೋವರವೇ ಇರಲಿಲ್ಲ. ಹಲಗೆಯ ಅಂಚಿನಾಚೆ ಬರೀ ಬಿಳುಪು. ಹಿಂದೆಂದೋ ಮುಳುಗಿದ ಮರಗಳ ಬೋಳು ತುದಿಗಳು ಅಲ್ಲೊಂದು ಇಲ್ಲೊಂದು ತೇಲಿ ಬಂದಂತೆ ನಿಂತಿದ್ದವು. ಕಾಡಿನಲ್ಲೆಲ್ಲೋ ಹಕ್ಕಿಯೊಂದು ರೆಕ್ಕೆ ಬಡಿದ ಸದ್ದು ಹತ್ತಿರದಲ್ಲೇ ಯಾರೋ ಬಟ್ಟೆ ಕೊಡವಿದಂತೆ ಕೇಳಿತು.

ಕಯಾಕಿಗೆ ಕೈ ಹಾಕಿದಾಗ ಚಂದ್ರಮ್ಮ ಬಂದರು. ಸಲ್ವಾರ್ ಕಮೀಜಿನ ಮೇಲೆ ಲೈಫ್ ಜಾಕೆಟ್ ತೊಟ್ಟಿದ್ದರು.

“ದೊಡ್ಡದು ತಗೋ. ನಾನೂ ಕೂರ್ತೀನಿ.”

“ಆಂಟಿ, ನೀವು ಯಾವತ್ತೂ…”

“ಅದಕ್ಕೇ.”

ತಿಮ್ಮಯ್ಯ ಬಾಗಿಲಲ್ಲಿ ನಿಂತಿದ್ದರು. ಏನೋ ಹೇಳಲು ಹೋಗಿ, ಬಂದು ಹೆಂಡತಿಯ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದರು. “ನಾನು ಸೀಟಿ ಊದಿದ್ರೆ ತಿರುಗಿ ಊದಬೇಕು. ಮನೆ ಕಣ್ಣಿಗೆ ಕಾಣೋಷ್ಟು ದೂರದಲ್ಲೇ ಇರಬೇಕು.”

ಹತ್ತು ಸಲ ಹುಟ್ಟು ಹಾಕುವುದರೊಳಗೆ ಮನೆ ಕಾಣೆಯಾಯಿತು. ಅರ್ಫಾ ನಿಲ್ಲಿಸಿದಳು. ಕಯಾಕ್ ತಾನಾಗಿ ತೇಲಿತು. ಮೇಲೆ, ಕೆಳಗೆ, ಸುತ್ತ ಒಂದೇ ಬಣ್ಣ. ನೀರು ಎಲ್ಲಿ ಮುಗಿದು ಮಂಜು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಚಂದ್ರಮ್ಮ ಮುಂದಿನ ಸೀಟಿನಲ್ಲಿ ಕೈಯನ್ನು ನೀರಿನಲ್ಲಿ ಬಿಟ್ಟು ಕೂತಿದ್ದರು. ಗಾಳಿಗಿಂತ ನೀರೇ ಬೆಚ್ಚಗಿತ್ತು.

“ಇದಾ ಇವರಿಗೆ ಹುಚ್ಚು ಹಿಡಿಸಿದ್ದು,” ಎಂದರು ಅವರು ಬಹಳ ಹೊತ್ತಿನ ಮೇಲೆ. “ಕಿಟಕಿಯಿಂದ ಇದು ಕಾಣ್ತಿರ್ಲಿಲ್ಲ.”

ಅರ್ಫಾ ದಾರ ಎಸೆದಳು. ಅದು ಎಲ್ಲಿ ಬಿತ್ತೋ, ಸದ್ದು ಮಾತ್ರ ಬಂತು. ಆ ನಿಶ್ಶಬ್ದದಲ್ಲಿ ಅವಳು ಹೇಳಿಬಿಟ್ಟಳು. “ಆಂಟಿ, ನಾರ್ವೆ ಕ್ಯಾನ್ಸಲ್ ಆಗಿದೆ. ಮೂರು ವಾರ ಆಯ್ತು. ಸರ್ ಕಲಿಸೋದು ನಿಲ್ಲಿಸ್ತಾರೆ ಅಂತ ಹೇಳಲಿಲ್ಲ.”

ಚಂದ್ರಮ್ಮ ತಿರುಗಲಿಲ್ಲ. “ಹೇಳಬೇಕಲ್ಲ ಮಗಳೇ. ಎಷ್ಟು ಕಹಿಯಾದ್ರೂ.”

ಆಗ ಸೀಟಿ ಕೇಳಿತು. ಮಂಜಿನಲ್ಲಿ ಅದು ಯಾವ ದಿಕ್ಕಿನಿಂದ ಬಂತೆಂದು ಗೊತ್ತಾಗಲಿಲ್ಲ. ಅರ್ಫಾ ತನ್ನ ಸೀಟಿಯನ್ನು ಬಾಯಿಗಿಟ್ಟಳು. ಚಂದ್ರಮ್ಮ ಹಿಂದಕ್ಕೆ ಕೈ ಚಾಚಿ ತಡೆದರು.

“ಈ ಒಂದು ಸಲ ಊದಬೇಡ.”

“ಆಂಟಿ, ಹೆದರ್ತಾರೆ.”

“ಹೆದರ್ಲಿ. ಹನ್ನೊಂದು ವರ್ಷದಿಂದ ಕಟ್ಟೆ ಮೇಲೇ ನಿಂತಿದಾರೆ.”

ಎರಡನೇ ಸೀಟಿ ಬಂತು. ಆಮೇಲೆ ಸೀಟಿಯಲ್ಲ, ದನಿ. “ಚಂದ್ರಾ.” ಮತ್ತೆ, “ಚಂದ್ರಾ, ಅರ್ಫಾ.” ಎರಡನೆಯ ಸಲ ಅದು ಮುದುಕನ ದನಿಯಾಗಿ ಒಡೆದಿತ್ತು. ಚಂದ್ರಮ್ಮನವರ ಕೈ ತಾನಾಗಿ ಜಾರಿತು. ಅರ್ಫಾ ಊದಿದಳು, ನಿಲ್ಲಿಸದೆ ಊದುತ್ತಲೇ ಇದ್ದಳು.

ಹುಟ್ಟಿನ ಸದ್ದು ಮೊದಲು ಬಂತು. ಒಂದೇ ಅಳತೆಯ, ತಡವರಿಸದ ಸದ್ದು. ಬಿಳುಪಿನೊಳಗಿಂದ ಸಣ್ಣ ಕಯಾಕಿನ ಮೂತಿ ಬಂತು, ಹಿಂದೆ ತಿಮ್ಮಯ್ಯ. ಪೈಜಾಮ ಮೊಣಕಾಲವರೆಗೆ ಒದ್ದೆ, ಕಾಲಲ್ಲಿ ಚಪ್ಪಲಿಯಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಗಳು ಮಾತ್ರ ಒಂದೂ ತಪ್ಪದೆ ಬಿಗಿದಿದ್ದವು. ಅವರು ಪಕ್ಕಕ್ಕೆ ಬಂದು ಇವರ ಕಯಾಕಿನ ಅಂಚನ್ನು ಹಿಡಿದುಕೊಂಡರು. ಬಿಡಲಿಲ್ಲ. ಚಂದ್ರಮ್ಮ ಆ ಕೈಯ ಮೇಲೆ ತಮ್ಮ ಕೈ ಇಟ್ಟರು.

“ನಾನೇ ಊದಬೇಡ ಅಂದಿದ್ದು. ಅವಳನ್ನ ಬೈಯಬೇಡಿ.”

“ಇಂಥ ಕೆಲಸ ಇನ್ನೊಂದ್ಸಲ ಮಾಡಬೇಡ ಚಂದ್ರ.”

“ಮಾಡಲ್ಲ.”

ಅಷ್ಟರಲ್ಲಿ ಅರ್ಫಾಳ ತೊಡೆಯ ಸಂದಿಯಲ್ಲಿದ್ದ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ದಾರ ನೀರಿನಲ್ಲಿದ್ದುದೇ ಮರೆತುಹೋಗಿತ್ತು. ಅವಳು ಹಿಡಿದುಕೊಂಡಳು. ರೀಲು ಕಿರುಗುಟ್ಟಿತು, ಕಯಾಕುಗಳೆರಡೂ ಒಟ್ಟಿಗೆ, ನಿಧಾನವಾಗಿ, ಕಾಣದ ಮೀನು ಎಳೆದತ್ತ ಸಾಗಿದವು. “ಎಳೀಬೇಡ,” ಎನ್ನುತ್ತಿದ್ದರು ತಿಮ್ಮಯ್ಯ ಮೆಲ್ಲಗೆ. “ಅದು ಕರ್ಕೊಂಡು ಹೋದಲ್ಲಿಗೆ ಹೋಗು. ಸುಸ್ತಾಗ್ಲಿ.” ಬೋಳು ಮರಗಳ ನಡುವೆ ಎಷ್ಟು ದೂರ ಹೋದರೋ. ಕೊನೆಗೆ ಮೀನು ಮೇಲೆ ಬಂತು. ಸೆಬರಾವ್, ಬೆಳ್ಳಿ ಮೈಯ ನಡುವೆ ಒಂದು ಕರಿ ಪಟ್ಟೆ. ತಿಮ್ಮಯ್ಯ ಬಗ್ಗಿ, ಒದ್ದೆ ಕೈಯಿಂದ ಕೊಕ್ಕೆ ಬಿಡಿಸಿ ಅದನ್ನು ನೀರಿನಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದರು. ಕಿವಿರು ತೆರೆದು ಮುಚ್ಚಿತು. ಅದು ಹೋದ ಮೇಲೂ ಅವರ ಕೈ ನೀರಿನಲ್ಲೇ ಇತ್ತು.

ತಿಂಡಿಯ ಹೊತ್ತಿಗೆ ಮಂಜು ಕರಗಿ ಬೆಟ್ಟಗಳು ಕಂಡವು. ಅರ್ಫಾ ತೆಂಗಿನ ಹಾಲಿನ ಅನ್ನದ ನಾಸಿ ಲೆಮಾಕ್ ಪೊಟ್ಟಣವನ್ನು ಬಿಚ್ಚದೆ ಎಲ್ಲ ಹೇಳಿದಳು. ತಿಮ್ಮಯ್ಯ ಕೇಳಿಸಿಕೊಂಡರು.

“ಮೂರು ವಾರ.”

“ಹೌದು ಸರ್.”

“ನಾನು ನಿಂಗೆ ಡ್ರೈ ಸೂಟ್ ಹುಡುಕ್ತಾ ಇದ್ದೆ.” ಅವರು ಎದ್ದು ಹಲಗೆಯ ಇನ್ನೊಂದು ತುದಿಗೆ ಹೋಗಿ ಕೂತರು. ವಾಪಸು ಬರುವಾಗ ಐದು ಗಂಟೆಯ ದಾರಿಯಲ್ಲಿ ಪೆಟ್ರೋಲ್ ಹಾಕಿಸಬೇಕು ಎಂಬುದೊಂದನ್ನು ಬಿಟ್ಟು ಅವರು ಏನೂ ಹೇಳಲಿಲ್ಲ. ಮನೆ ಮುಂದೆ ಇಳಿಯುವಾಗ ಚಂದ್ರಮ್ಮ ಅವಳ ಕೆನ್ನೆ ತಟ್ಟಿ ಹೋದರು.

ಮುಂದಿನ ಶನಿವಾರ ಅರ್ಫಾ ಎದ್ದಳು, ಬಟ್ಟೆ ಹಾಕಿಕೊಂಡಳು, ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟಳು. ಆರೂವರೆಗೆ ಫೋನ್ ಬಂತು.

“ಆರು ಗಂಟೆ ಅಂತ ಎಷ್ಟು ಸಲ ಹೇಳಬೇಕು,” ಎಂದರು ತಿಮ್ಮಯ್ಯ.

“ಸರ್, ನೀವು ಕೋಪ ಮಾಡ್ಕೊಂಡಿದ್ರಿ.”

“ಇನ್ನೂ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಾ.”

ಅವಳು ಕೆರೆಗೆ ಹೋದಾಗ ಕಟ್ಟೆ ಖಾಲಿಯಾಗಿತ್ತು. ಗಂಡಹೆಂಡಿರು ಆಗಲೇ ನೀರಿನಲ್ಲಿದ್ದರು, ಒಂದೇ ಕಯಾಕಿನಲ್ಲಿ. ಚಂದ್ರಮ್ಮ ಹುಟ್ಟನ್ನು ತಲೆಕೆಳಗಾಗಿ ಹಿಡಿದಿದ್ದರು. ತಿಮ್ಮಯ್ಯ ತಿದ್ದುವುದನ್ನು ಬಿಟ್ಟಿದ್ದರು. ಅರ್ಫಾ ತನ್ನ ಕಯಾಕನ್ನು ತಳ್ಳಿಕೊಂಡು ಅವರ ಪಕ್ಕಕ್ಕೆ ಬಂದಳು.

“ನಿಂಗೆ ಮೇ ತಿಂಗಳಲ್ಲಿ ಎಷ್ಟು ದಿನ ರಜೆ ಸಿಗುತ್ತೆ?” ಎಂದು ಕೇಳಿದರು ತಿಮ್ಮಯ್ಯ, ಅವಳ ಕಡೆ ನೋಡದೆ.

“ಹದಿನಾಲ್ಕು ಸಿಗಬಹುದು ಸರ್. ಯಾಕೆ?”

“ನಾವಿಬ್ಬರೂ ಸ್ಕಾಟ್‌ಲೆಂಡಿನ ಆ ಊರಿಗೆ ಹೋಗಿ ಬರೋಣ ಅಂತ ಇದೀವಿ. ಗೋಪಿ ಹೆಂಡತಿ ಅಲ್ಲೇ ಇದಾರೆ, ನಿನ್ನೆ ಫೋನ್ ಮಾಡಿದ್ದೆ. ಬನ್ನಿ ಅಂದ್ರು. ಅಲ್ಲಿ ನೀರು ಎಂಟು ಡಿಗ್ರಿ ಇರುತ್ತೆ. ನಾರ್ವೆಯಷ್ಟು ತಣ್ಣಗಿಲ್ಲ. ಆದ್ರೂ ಸೂಟ್ ಬೇಕು. ಮೂವರಿಗೂ.”

“ಸ್ಟೇಷನ್ ಹತ್ರ ಒಂದು ಬೇಕರಿ ಇತ್ತು,” ಎಂದರು ಚಂದ್ರಮ್ಮ. “ಇರಬಹುದಾ ಈಗ?”

“ಇರಬಹುದು.”

“ಬರ್ತೀನಿ ಸರ್,” ಎಂದಳು ಅರ್ಫಾ. ಸೂರ್ಯ ಇನ್ನೂ ಕಟ್ಟಡಗಳ ಹಿಂದೆಯೇ ಇದ್ದ. ದೊಡ್ಡ ಉಡವೊಂದು ಕತ್ತೆತ್ತಿಕೊಂಡು, ಯಾವ ಅವಸರವೂ ಇಲ್ಲದೆ ಅವರ ಮುಂದೆ ಕೆರೆಯನ್ನು ಅಡ್ಡಲಾಗಿ ಈಜುತ್ತಿತ್ತು. ಅದು ದಾಟಲೆಂದು ಮೂವರೂ ಹುಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಕಾದರು.